ಎತ್ತು ಮುಂದಿರುವ ಸೈಕಲ್ಲು

ನೆಲದಿಂದ ಎರಡು ಗೇಣು ಎತ್ತರದಲ್ಲಿ ಅಂಗಾತ ಮಲಗಿಕೊಂಡೂ ಊರವರನ್ನೆಲ್ಲ ಮೇಲಿನಿಂದ ಕೆಳಗೆ ನೋಡಬಲ್ಲ ಮನುಷ್ಯನನ್ನು ನನ್ನ ಜೀವಮಾನದಲ್ಲಿ ಒಬ್ಬನನ್ನೇ ಕಂಡಿದ್ದೇನೆ. ಅವನು ನನ್ನ ಸೋದರಮಾವ ಫಕೀರಪ್ಪ. ತಾನೇ ಕಟ್ಟಿದ ಸೈಕಲ್ಲಿನ ಮೇಲೆ ಕಾಲು ಮುಂದೆ ಚಾಚಿ, ತಲೆ ಹಿಂದಕ್ಕೆ ಒರಗಿಸಿ, ಅರೆಗಣ್ಣು ಮಾಡಿಕೊಂಡು ಅವನು ಹಾನಗಲ್ಲಿನ ಪೇಟೆಯಲ್ಲಿ ಬರುತ್ತಿದ್ದರೆ ಎದುರಿನವರಿಗೆ ಮೊದಲು ಕಾಣುತ್ತಿದ್ದುದು ಅವನ ಅಂಗಾಲು. ಆಮೇಲೆ ಮೂಗಿನ ಹೊಳ್ಳೆ. ಮುಖ ಎಲ್ಲಕ್ಕಿಂತ ಕೊನೆಗೆ. ಹಿರಿಯರಿಗೆ ಪಾದ ತೋರಿಸುತ್ತ ಬರುವ ವಾಹನವನ್ನು ಕಟ್ಟಬೇಕೆಂದು ಬೇರೆ ಯಾರಿಗೂ ಹೊಳೆದಿರಲಿಕ್ಕಿಲ್ಲ.

ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕು ಎನ್ನುತ್ತಾರೆ. ಹುಡುಕಿದ್ದೇನೆ, ಸಿಕ್ಕಷ್ಟನ್ನು ಹೇಳುತ್ತೇನೆ.

ಶಿಗ್ಗಾಂವಿ ನನ್ನ ಅವ್ವನ ತವರು. ಅಲ್ಲಿ ಯಾರ ಜೊತೆಗೂ ಹೊಂದದೆ ಮಾಮಾ ಹಾನಗಲ್ಲಿಗೆ ಬಂದು, ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ. ಅಂಗಡಿ ಎಂದರೆ ಬಾಡಿಗೆಗೆ ಕೊಡುವ ಎರಡು ಮುರುಕು ಸೈಕಲ್ಲು, ಪಂಕ್ಚರ್ ನೋಡಲು ಒಂದು ನೀರಿನ ಬೋಗುಣಿ, ಮತ್ತು ಮಾಮಾನ ಬಾಯಿ. ಊಟ ನಮ್ಮ ಮನೆಯಲ್ಲಿ. ಅವ್ವನಿಗೆ ತಮ್ಮನೆಂದರೆ ಪ್ರಾಣ. ಅವನ ರೊಟ್ಟಿಗೆ ತುಪ್ಪ ಸವರಿದ ಮೇಲೆ ಡಬ್ಬಿಯಲ್ಲಿ ಉಳಿದಿದ್ದು ನಮಗೆ.

ಪಂಕ್ಚರ್ ತಿದ್ದಿಸಲು ಬಂದವನಿಗೆ ಮಾಮಾ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದ. ಉತ್ತರ ಬರುವತನಕ ಸೈಕಲ್ಲಿಗೆ ಕೈ ಹಚ್ಚುತ್ತಿರಲಿಲ್ಲ.

"ಎತ್ತು ಗಾಡಿ ಮುಂದ ಇರ್ತಾವೋ, ಹಿಂದ ಇರ್ತಾವೋ?"

"ಮುಂದ ಇರ್ತಾವ್ರಿ."

"ಮತ್ತ ಈ ನಿನ್ನ ಸೈಕಲ್ಲಿಗೆ ಚೈನು ಎಲ್ಲಿ ಐತಿ?"

"ಹಿಂದಿನ ಗಾಲಿಗೆ ಐತ್ರಿ."

"ಅಂದ್ರ ಎತ್ತು ಹಿಂದ ಕಟ್ಟಿ ಗಾಡಿ ದೂಕಾಕತ್ತೀರಿ. ಇಷ್ಟು ಮಂದಿ ಊರಾಗ ಅದೀರಿ, ಒಬ್ಬನ ತಲ್ಯಾಗೂ ಇದು ಬರಲಿಲ್ಲ ಹೌದಿಲ್ಲೋ?"

ಬಂದವನು ಅವಮಾನವನ್ನೂ ನುಂಗಿಕೊಂಡು, ತಿದ್ದಿದ ಟ್ಯೂಬನ್ನೂ ತೆಗೆದುಕೊಂಡು ಹೋಗುತ್ತಿದ್ದ. ಅದು ಸಂಜೆಯೊಳಗೆ ಮತ್ತೆ ಗಾಳಿ ಬಿಡುತ್ತಿತ್ತು. ತೇಪೆ ಹಚ್ಚುವುದು ಮಾಮಾನ ಘನತೆಗೆ ಕಡಿಮೆಯ ಕೆಲಸ. ಅದರಲ್ಲಿ ಅವನ ಮನಸ್ಸು ಇರುತ್ತಿರಲಿಲ್ಲ.

ಮಲಗಿ ಹೊಡೆಯುವ ಸೈಕಲ್ಲಿನ ವಿಚಾರ ಅವನಿಗೆ ಬಂದದ್ದು ಚುರುಮುರಿ ಕಟ್ಟಿಕೊಟ್ಟ ಒಂದು ವಿಲಾಯತಿ ಪತ್ರಿಕೆಯ ಹಾಳೆಯಿಂದ. ಅದರಲ್ಲಿ ಒಬ್ಬ ದೊರೆ ಆರಾಮಕುರ್ಚಿಯಲ್ಲಿ ಕೂತಂತೆ ಒರಗಿ ಸೈಕಲ್ ತುಳಿಯುತ್ತಿದ್ದ. ಹಾಳೆ ನಡುವೆ ಹರಿದಿತ್ತು. ದೊರೆಯ ಬೂಟಿನಿಂದ ಸೊಂಟದ ತನಕ ಇತ್ತು, ಮುಂದಿನ ಗಾಲಿ ಇತ್ತು, ಪೆಡಲ್ಲು ಇತ್ತು. ಹಿಂದಿನ ಗಾಲಿ ಚುರುಮುರಿ ಅಂಗಡಿಯಲ್ಲೇ ಉಳಿದಿತ್ತು. ಚೈನು ಹಿಂದಕ್ಕೆ ಹೋಗಿರಬಹುದು ಎಂದು ಯಾರಿಗಾದರೂ ಅನ್ನಿಸುತ್ತದೆ. ಮಾಮಾನಿಗೆ ಅನ್ನಿಸಲಿಲ್ಲ. "ನೋಡು, ದೊರಿಗಳಿಗೂ ತಿಳಿದೈತಿ, ಎತ್ತು ಮುಂದ," ಎಂದು ಆ ಎಣ್ಣೆಯ ಕಾಗದವನ್ನು ಗೋಡೆಗೆ ಅಂಟಿಸಿದ.

ಎರಡು ಹಳೆಯ ಸೈಕಲ್ಲು ಕೊಯ್ದು ಅವನು ಕೆಲಸ ಶುರು ಮಾಡಿದ. ಮುಂದಿನ ಗಾಲಿಯನ್ನು ಎರಡೂ ಕಡೆಯಿಂದ ಹಿಡಿದುಕೊಂಡಿರುವ ಕವಲಿಗೆ ಸೈಕಲ್ ಅಂಗಡಿಯವರು ಚಿಮಟಾ ಎನ್ನುತ್ತಾರೆ. ಆ ಚಿಮಟಾಕ್ಕೇ ಒಂದು ಕಬ್ಬಿಣದ ತೋಳು ಬೆಸೆದು, ತೋಳಿನ ತುದಿಗೆ ಪೆಡಲ್ಲು ಕೂರಿಸಿ, ಅಲ್ಲಿಂದ ಮುಂದಿನ ಗಾಲಿಗೆ ಚೈನು ಬಿಟ್ಟ. ಗಾಲಿ ಎಡಕ್ಕೋ ಬಲಕ್ಕೋ ಹೊರಳಿದರೆ ಪೆಡಲ್ಲೂ ಹೊರಳಬೇಕು, ಪೆಡಲ್ಲಿನ ಜೊತೆ ಕಾಲೂ ಹೊರಳಬೇಕು. ಹಿಂದೆ ಗೋಣಿತಟ್ಟು ಬಿಗಿದ ಒರಗು ಕುರ್ಚಿ. ಅದರ ಹಿಂದೆ ಸಣ್ಣ ಗಾಲಿ, ಬರೀ ಜೊತೆಗೆ ಉರುಳಲಿಕ್ಕೆ.

ಅದು ನೆಟ್ಟಗೆ ಹೋಗಲಿಲ್ಲ. ಮೊದಲ ದಿನ ಎದುರು ಮನೆಯ ಕಟ್ಟೆಗೆ ಹಾಯಿತು. ಮಾಮಾ ಅದಕ್ಕೆ ಚಿಮಟಾವನ್ನು ದೂರಿದ. ಸಾಮಾನ್ಯ ಸೈಕಲ್ಲಿನಲ್ಲಿ ಚಿಮಟಾದ ತುದಿ ಸ್ವಲ್ಪ ಮುಂದಕ್ಕೆ ಬಾಗಿರುತ್ತದೆ. ಅದು ಮಾಡಿದವನ ಕೈ ನಡುಗಿದ್ದರಿಂದ ಆದ ತಪ್ಪು ಎಂದು ಮಾಮಾ ತೀರ್ಮಾನಿಸಿ, ಬಾಗು ಹಿಂದಕ್ಕೆ ಬರುವಂತೆ ತಿರುಗಿಸಿ ಹಾಕಿದ. ಈಗ ಸೈಕಲ್ಲು ಹಟ ಹಿಡಿದ ಎಮ್ಮೆಯಂತೆ ನೆಟ್ಟಗೇ ಹೋಯಿತು, ತಿರುಗಿಸಿದರೂ ತಿರುಗಲಿಲ್ಲ. ಹಾನಗಲ್ಲಿನ ಓಣಿಗಳು ನೆಟ್ಟಗಿಲ್ಲವಲ್ಲ. ಆಮೇಲೆ ಚಿಮಟಾವನ್ನು ತನ್ನಂತೆಯೇ ಒರಗಿಸಿದ. ಆಗ ಒಂದಿಷ್ಟು ತಿರುಗಿಸಿದರೂ ಗಾಲಿ ಪೂರ್ತಿ ಮಗ್ಗುಲಿಗೆ ಬೀಳತೊಡಗಿತು, ನಿದ್ದೆಗಣ್ಣಿನ ಕೂಸಿನ ಕತ್ತಿನಂತೆ. ಮತ್ತೆ ನೆಟ್ಟಗೆ ನಿಲ್ಲಿಸಿದ. ಆಗ ಉಸಿರು ಬಿಟ್ಟರೂ ನಡುಗಿತು. ಚಿಮಟಾದ ಗೆರೆಯನ್ನು ಹಾಗೇ ಕೆಳಕ್ಕೆ ಎಳೆದರೆ ಅದು ನೆಲ ಮುಟ್ಟುವ ಜಾಗ ಒಂದು, ಗಾಲಿ ನೆಲ ಮುಟ್ಟುವ ಜಾಗ ಇನ್ನೊಂದು. ಎರಡರ ನಡುವಿನ ಅಂತರದಲ್ಲಿ ಸೈಕಲ್ಲಿನ ನಡತೆಯೆಲ್ಲ ಅಡಗಿರುತ್ತದೆ. ಇದನ್ನು ನಾನು ಮುಂದೆ ಓದಿ ತಿಳಿದೆ. ಮಾಮಾ ಬಿದ್ದು ತಿಳಿಯಬೇಕಾಗಿತ್ತು. ಬಿದ್ದ, ತಿಳಿಯಲಿಲ್ಲ. ಪ್ರತಿ ಸಲ ಎದ್ದು ಮಣ್ಣು ಕೊಡವಿಕೊಂಡು ರಸ್ತೆಯನ್ನು ಬೈಯುತ್ತಿದ್ದ.

ಇದೆಲ್ಲ ನೋಡಿ ಊರು ನಗುತ್ತಿತ್ತು. ನಾನು ನಗುವ ಹಾಗಿರಲಿಲ್ಲ. ನಮ್ಮ ಕಡೆ ಅಕ್ಕನ ಮಗಳು ತಮ್ಮನ ಹಕ್ಕು. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನವೇ ಅವ್ವ ಎತ್ತಿ ತಮ್ಮನ ತೊಡೆಯ ಮೇಲಿಟ್ಟು, "ನಿನ್ನ ಹೇಣ್ತಿ ನೋಡಪಾ," ಅಂದಿದ್ದಳಂತೆ. ನನಗೆ ಹದಿನಾರು ತುಂಬಿದಾಗ ಮಾತು ಮತ್ತೆ ಎದ್ದಿತು. ಮಾಮಾ ಕುರ್ಚಿಯಲ್ಲಿ ಒರಗಿಕೊಂಡೇ ಹೇಳಿದ:

"ಸೈಕಲ್ ಮುಗೀಲಿ ಅಕ್ಕಾ. ಅದು ಒಂದು ಸಲ ಊರಿಂದ ಊರಿಗೆ ಹೋಗಿ ಬಂತಂದ್ರ ಲಗ್ನ ಮಾಡಿಬಿಡೂಣು. ಇಕಿ ಎಲ್ಲಿ ಓಡಿ ಹೋಗ್ತಾಳ?"

ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಓದುತ್ತಿದ್ದೆ. ಅದು ಪಾಸಾದರೆ ಧಾರವಾಡಕ್ಕೆ ಹೋಗಿ ಶಿಕ್ಷಕಿಯ ತರಬೇತಿ ಮಾಡಬಹುದಿತ್ತು. ಲಗ್ನವಾದರೆ ಪಂಕ್ಚರ್ ಬೋಗುಣಿಗೆ ನೀರು ತುಂಬಬಹುದಿತ್ತು. ಮುಂದಿನ ಖೋಲಿಯಲ್ಲಿ ಸುತ್ತಿಗೆಯ ಸದ್ದು ಕೇಳಿದಾಗಲೆಲ್ಲ ನನಗೆ ರೊಟ್ಟಿ ಸೇರುತ್ತಿರಲಿಲ್ಲ. ಅವನು ಬಿದ್ದ ಸದ್ದು ಕೇಳಿದರೆ ಹಸಿವಾಗುತ್ತಿತ್ತು.

ಇಂಥ ಸ್ಥಿತಿಯಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ದಡ್ಡತನವನ್ನು ಸುಮ್ಮನೆ ನೋಡುತ್ತ ಕೂರುವ ಗುಣ ನನಗಿಲ್ಲ. ಮುಂದೆ ಮಾಸ್ತರಿಕೆಯಲ್ಲಿ ಅದೇ ನನಗೆ ಅನ್ನ ಹಾಕಿತು. ಒಂದು ಮಧ್ಯಾಹ್ನ ಅವನು ನಮ್ಮ ಮನೆಯ ಮುಂದೆ ಹಾವಿನಂತೆ ಹರಿದಾಡುತ್ತ ಬಂದು ಹುಣಸೆಯ ಮರಕ್ಕೆ ಒರಗಿ ನಿಂತ. ಸೈಕಲ್ಲು ಪ್ರತಿ ತುಳಿತಕ್ಕೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓಲುತ್ತಿದ್ದುದು ಕುರುಡರಿಗೂ ಕಾಣುವಂತಿತ್ತು. ನನ್ನ ಬಾಯಿಂದ ಮಾತು ಹೊರಟೇಬಿಟ್ಟಿತು.

"ಮಾಮಾ, ಒಂದು ಎತ್ತು ಜಗ್ಗಿದಾಗ ಇನ್ನೊಂದು ಸುಮ್ಮನ ನಿಂತ್ರ ಗಾಡಿ ಏನಾಕ್ಕೈತಿ?"

"ಸೊಟ್ಟ ಹೊಕ್ಕೈತಿ. ಇದನೇನು ಕೇಳ್ತಿ?"

"ನಿಮ್ಮ ಕಾಲೂ ಎರಡು ಎತ್ತು. ಎರಡೂ ಕೂಡಿ ಜಗ್ಗೂದಿಲ್ಲ, ಒಂದಾದ ಮ್ಯಾಲ ಒಂದು ಒತ್ತತಾವು. ಪೆಡಲ್ಲು ಚಿಮಟಾಕ್ಕ ಬೆಸದೀರಿ. ಎಡಗಾಲು ಒತ್ತಿದ್ರ ಗಾಲಿ ಬಲಕ್ಕ ಹೊಳ್ಳತೈತಿ, ಬಲಗಾಲು ಒತ್ತಿದ್ರ ಎಡಕ್ಕ. ಯಾವ ಕಾಲು ಒತ್ತೀರಿ, ಆ ಕಡೆ ಕೈಲೆ ಹ್ಯಾಂಡಲ್ ಜಗ್ಗಿ ಹಿಡೀರಿ. ಅಂದ್ರ ನೆಟ್ಟಗ ಹೊಕ್ಕೈತಿ."

ಹೇಳಿ ಮುಗಿಸುವಷ್ಟರಲ್ಲೇ ನಾನು ಏನು ಮಾಡಿದೆನೆಂದು ತಿಳಿಯಿತು. ನನ್ನ ಕುತ್ತಿಗೆಗೆ ಬೀಳುವ ತಾಳಿಯನ್ನು ನಾನೇ ಪೋಣಿಸಿ ಕೊಟ್ಟಿದ್ದೆ. ಮಾಮಾ ಕುರ್ಚಿಯಲ್ಲಿ ಒರಗಿದವನು ಗದ್ದ ಮೇಲೆತ್ತಿ, ಮೂಗಿನ ತುದಿಯ ಗುಂಟ ನನ್ನನ್ನು ನೋಡಿದ. ಅವನಿಗೆ ಹೊಳೆಯುತ್ತಿದೆ ಎಂದೇ ನನಗೆ ಅನ್ನಿಸಿತು.

"ಅಕ್ಕಾ," ಎಂದು ಒಳಗೆ ಕೂಗಿದ, "ಇಕಿಗೆ ಸಾಲಿ ಬಿಡಸು. ತಲಿ ಕೆಡಾಕತ್ತೈತಿ. ನನಗ ಎತ್ತು ಹೂಡೂದು ಕಲಸಾಕ ಬಂದಾಳ."

ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ನನ್ನ ಅಪ್ಪ ಎಲೆ ವ್ಯಾಪಾರಿ. ಸವಣೂರಿನ ತೋಟಗಳಿಂದ ವೀಳ್ಯದೆಲೆ ತಂದು ಹಾನಗಲ್ಲಿನಲ್ಲಿ ಮಾರುತ್ತಿದ್ದ. ಹೆಚ್ಚು ಮಾತಿನವನಲ್ಲ. ಹೆಂಡತಿಯ ತಮ್ಮನಿಗೆ ಮಗಳನ್ನು ಕೊಡುವುದಿಲ್ಲ ಎಂದು ಹೆಂಡತಿಯ ಮುಖಕ್ಕೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಅವ್ವ ದಿನವೂ ಮುಹೂರ್ತದ ಮಾತು ತೆಗೆಯತೊಡಗಿದಾಗ ಒಂದು ಕರಾರು ಹಾಕಿದ. ಫಕೀರಪ್ಪ ತನ್ನ ಸೈಕಲ್ಲಿನ ಮೇಲೆ ಒಂದು ಬುಟ್ಟಿ ಎಲೆ ಸವಣೂರಿನಿಂದ ಹಾನಗಲ್ಲಿನ ಪೇಟೆಗೆ ತರಬೇಕು, ನಡುವೆ ಎಲ್ಲೂ ಗಾಡಿಯ ಮೇಲೆ ಏರಿಸಬಾರದು, ಎಲೆ ಬಾಡಬಾರದು. ತಂದರೆ ಮರುದಿನವೇ ಲಗ್ನ. ತರದಿದ್ದರೆ ಲಗ್ನದ ಮಾತು ಅಲ್ಲಿಗೆ ನಿಲ್ಲಬೇಕು, ಹುಡುಗಿ ಪರೀಕ್ಷೆಗೆ ಕೂರಬೇಕು. ಅವ್ವ ಒಪ್ಪಿದಳು, ತಮ್ಮನ ಮೇಲೆ ಅಷ್ಟು ನಂಬಿಗೆ. ಮಾಮಾ ಅಂತೂ ಇಷ್ಟು ಸಣ್ಣ ಕೆಲಸ ಹೇಳಿದ್ದಕ್ಕೆ ಸಿಟ್ಟಾದ.

ಸವಣೂರಿನಲ್ಲಿ ಅಪ್ಪ ಸಂಜೆಯ ತಂಪಿನಲ್ಲಿ ಎಲೆಯ ಬುಟ್ಟಿಗೆ ನೀರು ಚಿಮುಕಿಸಿ, ಬಾಳೆಪಟ್ಟೆ ಸುತ್ತಿ ಕೊಟ್ಟ. ಉಳಿದ ಎಲೆ ತನ್ನ ಚಕ್ಕಡಿಯಲ್ಲಿ ಹೇರಿಕೊಂಡು ಹಿಂದೆ ಹೊರಟ. ಮಾಮಾ ಬುಟ್ಟಿಯನ್ನು ಕುರ್ಚಿಯ ಹಿಂದೆ, ಸಣ್ಣ ಗಾಲಿಯ ಮೇಲೆ ಕಟ್ಟಿದನಂತೆ. ಎತ್ತು ಮುಂದೆ, ಹೇರು ಹಿಂದೆ; ಗಾಡಿಯಲ್ಲಿ ಹಾಗೇ ಅಲ್ಲವೇ? ಆದರೆ ಎತ್ತಿಗೆ ತನ್ನದೇ ಭಾರವಿದೆ, ಗೊರಸಿದೆ. ಮಾಮಾನ ಮುಂದಿನ ಗಾಲಿಗೆ ಏನಿತ್ತು? ಭಾರವೆಲ್ಲ ಹಿಂದೆ ಕೂತು, ಏರು ಬಂದಲ್ಲೆಲ್ಲ ಮುಂದಿನ ಗಾಲಿ ಮಣ್ಣಿನಲ್ಲಿ ನಿಂತಲ್ಲೇ ತಿರುಗಿತು. ಮಾಮಾ ತುಳಿದೇ ತುಳಿದ, ಧೂಳು ಎದ್ದೇ ಎದ್ದಿತು, ಸೈಕಲ್ಲು ಇದ್ದಲ್ಲೇ ಇತ್ತು. ಅಪ್ಪನ ಚಕ್ಕಡಿ ಗಂಟೆ ಅಲ್ಲಾಡಿಸಿಕೊಂಡು ಪಕ್ಕದಲ್ಲಿ ದಾಟಿ ಹೋಯಿತು. ಇಳಿಜಾರಿನಲ್ಲಿ ಮಾಮಾ ಭರ್ರನೆ ಬಂದು ಮುಂದೆ ಹೋದ. ಮತ್ತೆ ಏರು, ಮತ್ತೆ ಚಕ್ಕಡಿ ಮುಂದೆ. ದಾರಿಯುದ್ದಕ್ಕೂ ಅವನು ಎತ್ತುಗಳನ್ನು ಬೈದನಂತೆ. ಹೀಗೆ ಹೇಳುವಾಗ ಅಪ್ಪ ನಗುತ್ತಿದ್ದ; ಅವನು ನಕ್ಕಿದ್ದನ್ನು ನಾನು ಕಂಡಿದ್ದು ಈ ಒಂದು ಕತೆಯಲ್ಲಿ ಮಾತ್ರ.

ಮರುದಿನ ಬೆಳಿಗ್ಗೆ ನಾನು ಮತ್ತು ಅವ್ವ ಹಾನಗಲ್ಲಿನ ಆನೆಕೆರೆಯ ದಂಡೆಯಲ್ಲಿ ಕಾಯುತ್ತಿದ್ದೆವು. ಅವ್ವನ ಕೈಯಲ್ಲಿ ಆರತಿಯ ತಟ್ಟೆ. ಬಿಸಿಲು ಏರುವ ಹೊತ್ತಿಗೆ ದಂಡೆಯ ಆ ತುದಿಯಲ್ಲಿ ಎರಡು ಅಂಗಾಲು ಕಂಡವು. ಹಿಂದೆ ಬುಟ್ಟಿ ಇತ್ತು. ಓಲಾಡುತ್ತ, ಓಲಾಡುತ್ತ ಆದರೂ ಅವನು ಬಂದೇಬಿಟ್ಟಿದ್ದ. ಅಲ್ಲಿಂದ ಪೇಟೆ ಒಂದು ಕೂಗಳತೆ. ಅವ್ವ ಅತ್ತಳು, ಸಂತೋಷಕ್ಕೆ. ನನಗೂ ಕಣ್ಣಲ್ಲಿ ನೀರು ಬಂತು. ಅವ್ವ ಅದನ್ನೂ ಸಂತೋಷವೆಂದೇ ತಿಳಿದು ನನ್ನ ತಲೆ ಸವರಿದಳು. ಧಾರವಾಡ ನನ್ನ ಕಣ್ಣ ಮುಂದೆಯೇ ಮುಳುಗಿಹೋಯಿತು.

ಪೇಟೆಗೆ ಹೋಗಲು ದಂಡೆಯ ತುದಿಯಲ್ಲಿ ಎಡಕ್ಕೆ ತಿರುಗಬೇಕು. ಮಾಮಾ ಆರತಿ ನೋಡಿದ, ಗದ್ದ ಇನ್ನಷ್ಟು ಮೇಲೆತ್ತಿದ, ಜೋರಾಗಿ ತುಳಿಯುತ್ತಲೇ ಎಡಕ್ಕೆ ಹ್ಯಾಂಡಲ್ ಹೊರಳಿಸಿದ. ಅದೇ ಹೊತ್ತಿಗೆ ಎಡಗಾಲು ಬಲವಾಗಿ ಒತ್ತಿತು. ಕೈ ಎಡಕ್ಕೆ ಹೇಳಿತು, ಕಾಲು ಬಲಕ್ಕೆ ಹೇಳಿತು, ಕಾಲೇ ಗೆದ್ದಿತು. ಮಾಮಾ, ಕುರ್ಚಿ, ಬುಟ್ಟಿ, ಎಲ್ಲ ಬಲಗಡೆಯ ಕೆರೆಯಲ್ಲಿ ಇಳಿದವು. ಮಲಗಿದ್ದ ಭಂಗಿಯಲ್ಲೇ ಇಳಿದ, ಅದೊಂದನ್ನು ಮೆಚ್ಚಬೇಕು.

ಎದೆಯುದ್ದ ನೀರಿನಿಂದ ಅವನು ಬುಟ್ಟಿ ಎತ್ತಿ ಹಿಡಿದುಕೊಂಡು ಬಂದ. ಅಷ್ಟರಲ್ಲಿ ಅಪ್ಪನ ಚಕ್ಕಡಿಯೂ ಬಂದು ನಿಂತಿತ್ತು.

"ಭಾವಾ, ನೋಡ್ರಿ, ಎಲಿ ಬಾಡ್ಯಾವೇನು? ಹಸೀನ ಅದಾವು."

ಅಪ್ಪ ಬಾಳೆಪಟ್ಟೆ ಸರಿಸಿ ನೋಡಿದ. "ಎಲಿ ಹಸೀನ ಅದಾವು ಫಕೀರಪ್ಪ. ಆದ್ರ ಪ್ಯಾಟಿ ಆ ಕಡೆ ಐತಿ. ನಾ ಮಗಳನ್ನ ಕೆರಿಗೆ ಕೊಡೂದಿಲ್ಲ."

ಸೈಕಲ್ಲನ್ನು ಎತ್ತಲು ಜನರ ಕೈಲಾಗಲಿಲ್ಲ, ಕೆಸರಿನಲ್ಲಿ ಹೂತಿತ್ತು. ಅಪ್ಪ ಚಕ್ಕಡಿಯ ಎತ್ತು ಬಿಚ್ಚಿ, ಹಗ್ಗ ಕಟ್ಟಿ ಎಳೆಸಿದ. ಎತ್ತುಗಳು ಮುಂದೆ ಹೆಜ್ಜೆ ಹಾಕಿದವು, ಸೈಕಲ್ಲು ಹಿಂದೆ ತೆವಳುತ್ತ ಬಂತು. ನೆರೆದವರಲ್ಲಿ ಯಾರೋ ಕೇಳಿದರು, "ಫಕೀರಪ್ಪಾ, ಎತ್ತು ಎಲ್ಲಿ ಅದಾವಪಾ?"

"ಮುಂದ ಅದಾವು," ಅಂದ ಮಾಮಾ, ಮೈಯಿಂದ ನೀರು ಸುರಿಯುತ್ತಿದ್ದರೂ ಗದ್ದ ಕೆಳಗಿಳಿಸದೆ. "ನಾ ಹೇಳಿರಲಿಲ್ಲೇನು? ಈಗರ ತಿಳೀತಲ್ಲ ನಿಮಗ."

ಈ ಮನುಷ್ಯನನ್ನು ಸೋಲಿಸಲು ಸಾಧ್ಯವಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಸೋಲು ತಿಳಿಯಬೇಕಾದರೂ ಒಂದಿಷ್ಟು ಬುದ್ಧಿ ಬೇಕು.

ನಾನು ಮುಲ್ಕಿ ಪಾಸಾದೆ, ಧಾರವಾಡಕ್ಕೆ ಹೋದೆ. ಮಾಮಾ ನನ್ನ ಮೇಲೆ ಸಿಟ್ಟಿಗೇನೂ ಏಳಲಿಲ್ಲ. ಅವನ ಲೆಕ್ಕದಲ್ಲಿ ಕಳೆದುಕೊಂಡವಳು ನಾನು. ಮುಂದೆ ಅವನು ಶಿಗ್ಗಾಂವಿಗೇ ಮರಳಿದ, ತಿಳವಳ್ಳಿಯ ಹುಡುಗಿಯೊಬ್ಬಳನ್ನು ಲಗ್ನವಾದ. ನಾನು ಹಿರೇಕೆರೂರು ತಾಲೂಕಿನ ಮಾಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆಗೆ ಅಕ್ಕೋರಾಗಿ ಬಂದೆ. ಮಹಾಯುದ್ಧ ಬಂತು, ಟೈರು ಟ್ಯೂಬು ಸಿಗದಾಯಿತು. ಆ ಸೈಕಲ್ಲು ಇಷ್ಟೊತ್ತಿಗೆ ಗುಜರಿ ಸೇರಿರುತ್ತದೆ ಎಂದುಕೊಂಡಿದ್ದೆ.

ಯುದ್ಧ ಮುಗಿದ ಮೇಲಿನ ಒಂದು ಬೇಸಿಗೆ. ಶಾಲೆ ಬಿಟ್ಟು ಮದಗದ ಕೆರೆಯ ಏರಿಯ ಕಡೆ ಹೊರಟಿದ್ದೆ. ಎದುರಿನಿಂದ ಎರಡು ಅಂಗಾಲು ಬಂದವು.

ನೆಟ್ಟಗೆ ಬಂದವು. ಓಲಾಟವಿಲ್ಲ, ನಡುಕವಿಲ್ಲ. ಬುಟ್ಟಿ ಮುಂದಿನ ಗಾಲಿಯ ಮೇಲಿತ್ತು. ಎಡಗಾಲು ಒತ್ತಿದಾಗ ಎಡಗೈ ಜಗ್ಗುತ್ತಿತ್ತು, ಬಲಗಾಲು ಒತ್ತಿದಾಗ ಬಲಗೈ. ನನ್ನ ಮುಂದೆ ಬಂದು ಕಾಲು ಊರಿ ನಿಲ್ಲಿಸಿದ. ಕೂದಲು ನೆರೆತಿತ್ತು, ಮೂಗಿನ ಹೊಳ್ಳೆ ಹಾಗೇ ಇದ್ದವು. ಹಿರೇಕೆರೂರಿನಲ್ಲಿ ಯಾರೋ ಸಾಹೇಬರಿಗೆ ಸೈಕಲ್ ತೋರಿಸಿ ಬಂದಿದ್ದನಂತೆ. ಸಾಹೇಬರಿಗೂ ಬುದ್ಧಿ ಇರಲಿಲ್ಲವಂತೆ.

"ಹೆಂಗ ನೆಟ್ಟಗ ಹೊಂಟೈತಿ ನೋಡಿದೇನು ನೀಲಾ? ಕಾಲು ಅಂದ್ರ ಎರಡು ಎತ್ತಿದ್ದಂಗ. ಕೂಡಿ ಜಗ್ಗೂದಿಲ್ಲ. ಯಾವ ಕಾಲು ಒತ್ತತೇವಿ, ಆ ಕೈಲೆ ಜಗ್ಗಿ ಹಿಡೀಬೇಕು. ಇದು ಯಾರಿಗೂ ಹೊಳೀಲಿಲ್ಲ, ನನಗ ಹೊಳೀತು. ನಿನಗ ಹೇಳಿ ಏನು ಉಪಯೋಗ ಬಿಡು, ಹೆಣ್ಣುಮಕ್ಕಳಿಗೆ ಇದು ತಿಳಿಯೂದಲ್ಲ."

ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಇಷ್ಟು ಚೆನ್ನಾಗಿ ಬಾಯಿಪಾಠ ಒಪ್ಪಿಸಿದ ವಿದ್ಯಾರ್ಥಿ ನನಗೆ ಸಿಕ್ಕಿಲ್ಲ.

"ಅವತ್ತು ಹಿಂಗ ನಡದಿದ್ರ ನೀ ಈಗ ನಮ್ಮ ಮನ್ಯಾಗ ಇರ್ತಿದ್ದಿ," ಅಂದ, ನನ್ನ ಮೇಲೆ ಕನಿಕರ ಪಟ್ಟು. ಮತ್ತೆ ಒರಗಿ, ತುಳಿದು, ಏರಿಯ ಮೇಲೆ ಹೊರಟ.

ಆಗ ನೋಡಿದೆ, ಹಿಂದೆ ಒಬ್ಬ ಹೆಂಗಸು ನಡೆದು ಬರುತ್ತಿದ್ದಳು. ಹೆಗಲ ಮೇಲೆ ಗಾಳಿ ಹಾಕುವ ಪಂಪು, ಕೈಯಲ್ಲಿ ನಟ್ಟು ಬಿಚ್ಚುವ ಪಾನಾ, ಟ್ಯೂಬಿನ ತುಂಡು ತುಂಬಿದ ಚೀಲ. ಹಿರೇಕೆರೂರಿನಿಂದ ನಡೆದೇ ಬಂದಿದ್ದಳು. ಮಾಮಾನ ಹೆಂಡತಿ ಗಂಗವ್ವ, ವರಸೆಯಲ್ಲಿ ನನಗೆ ಅತ್ತೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಆ ಪಂಪನ್ನು ಕಂಡು ನನ್ನ ಹೆಗಲು ನೋಯಿತು. ಆ ಜಾಗ ನನ್ನದಾಗಿತ್ತು. ಒಬ್ಬ ಗಂಡಸಿನ ಸೊಕ್ಕು ನನ್ನನ್ನು ಅಲ್ಲಿಂದ ಉಳಿಸಿತ್ತು. ಅದೇ ಸೊಕ್ಕು ಇವಳನ್ನು ಅಲ್ಲಿ ನಿಲ್ಲಿಸಿತ್ತು.

ಹತ್ತಿರದ ಮನೆಯಿಂದ ಒಂದು ತಂಬಿಗೆ ನೀರು ತರಿಸಿ ಕೊಟ್ಟೆ. "ಈಗ ಬಾಳ ಚಲೋ ನಡಿತೈತಲ್ಲ ಗಂಗವ್ವತ್ತಿ, ಬುಟ್ಟಿ ಮುಂದ ಬಂದೈತಿ," ಅಂದೆ.

"ಮುಂದ ಇಡ್ರಿ ಅಂತ ನಾನ ಹೇಳಿದ್ದೆ ಅಕ್ಕೋರ. ಗಾಲಿಗೆ ಭಾರ ಇಲ್ಲಂದ್ರ ಏರಿನ್ಯಾಗ ಹೆಂಗ ಹಿಡೀತೈತ್ರಿ? ಆಗ ಬೈದ್ರು. ಆಮ್ಯಾಲ ಒಂದು ದಿನ ತಮಗ ಹೊಳೀತು ಅಂತ ಇಟ್ರು." ನೀರು ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಈಗ ಎಲ್ಲಾ ನೆಟ್ಟಗ ಆಗೈತ್ರಿ. ತಿರುವಿನ್ಯಾಗ ಅಷ್ಟ ಬೀಳ್ತಾರ."

"ಇನ್ನೂ ಬೀಳ್ತಾನೇನು?"

"ದಿನಾ ಬೀಳ್ತಾರ್ರಿ. ತಿರುವಿನ್ಯಾಗ ತುಳೀಬಾರದು. ಕಾಲು ಸುಮ್ಮನ ಇಟ್ಟು, ಹಂಗ ಉರಳಾಕ ಬಿಟ್ಟು ಹೊಳ್ಳಸಬೇಕು. ನಾ ಒಮ್ಮಿನೂ ಬಿದ್ದಿಲ್ಲ."

"ನೀವೂ ಹೊಡೀತೀರೇನು?" ಅಂದೆ.

"ಮಧ್ಯಾಹ್ನ ಉಂಡು ಮಲಕ್ಕೊಂತಾರಲ್ರಿ, ಆವಾಗ ಹಿತ್ತಲದಾಗ ನಾ ಹೊಡೀತೇನಿ. ಸೀರಿ ಉಟ್ಟಾವ್ರಿಗೆ ಚಲೋ ಐತ್ರಿ ಅದು, ಕುರ್ಚಿ ಇದ್ದಂಗ."

"ತಿರುವಿನ ಮಾತು ಮಾಮಾಗ ಹೇಳಿಲ್ಲೇನು?"

ಅವಳು ತಂಬಿಗೆ ಕೆಳಗಿಟ್ಟಳು. ಚೀಲ ಎತ್ತಿಕೊಂಡಳು.

"ಹೇಳಿದ್ರ ಅದೂ ಅವರದ ಆಕ್ಕೈತ್ರಿ."

ಏರಿಯ ತುದಿಯಲ್ಲಿ ದಾರಿ ಊರ ಕಡೆ ತಿರುಗುತ್ತದೆ. ಅಲ್ಲಿ ಮಾಮಾ ಗದ್ದ ಮೇಲೆತ್ತಿಕೊಂಡು, ತುಳಿಯುತ್ತಲೇ ತಿರುಗಿದ. ಧಡ್ ಎಂದು ಸದ್ದಾಯಿತು, ಸ್ವಲ್ಪ ಧೂಳು ಎದ್ದಿತು. "ಗಂಗೀ," ಎಂದು ಕೂಗಿದ್ದು ಕೇಳಿತು, ಆಮೇಲೆ ರಸ್ತೆಯನ್ನು ಬೈದದ್ದು. ಅವನ ದನಿಯನ್ನು ನಾನು ಕೇಳಿದ್ದು ಅದೇ ಕೊನೆ. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ.

ಗಂಗವ್ವ ಪಂಪನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡು ಹೊರಟಳು. ಹೆಜ್ಜೆ ಬಿರುಸು ಮಾಡಲಿಲ್ಲ.